ಪಂಚಾಯ್ತಿ ತನಕ ಬಂದ ಫೈಬರ್ ಮನೆ ತನಕ ಬರಬೇಕಾದರೆ

ಪಂಚಾಯ್ತಿ ಕಚೇರಿಗೆ ಹೋದಾಗ ಕಂಪ್ಯೂಟರ್ ಇರುವ ಕೋಣೆಯ ಗೋಡೆ ನೋಡಿ. ಅಂಗೈ ಅಗಲದ, ನಾಲ್ಕೈದು ದೀಪಗಳಿರುವ ಪೆಟ್ಟಿಗೆ ಅಲ್ಲಿರುತ್ತದೆ. ಅದಕ್ಕೆ ಓಎನ್‌ಟಿ ಎನ್ನುತ್ತಾರೆ. ಪಂಚಾಯ್ತಿಗಳಿಗೆ ಇಂಟರ್ನೆಟ್ ತಲುಪಿಸುವ ಕೇಂದ್ರದ ಭಾರತ್‌ನೆಟ್ ಯೋಜನೆಯ ಫೈಬರ್, ಅಂದರೆ ಬೆಳಕು ಹರಿಯುವ ಗಾಜಿನ ಎಳೆ, ನಿಮ್ಮ ಊರಿನಲ್ಲಿ ಬಂದು ನಿಲ್ಲುವ ಜಾಗ ಅದು. 'ನಮ್ಮೂರಿಗೆ ಒಳ್ಳೆ ಇಂಟರ್ನೆಟ್ ಕೊಡಿ' ಎಂದು ಯಾರಿಗಾದರೂ ಅರ್ಜಿ ಬರೆಯುವ ಮುಂಚೆ ಆ ದೀಪಗಳನ್ನು ಓದಿಕೊಳ್ಳಿ. ಅರ್ಜಿ ಯಾರಿಗೆ ಹೋಗಬೇಕು, ಅದರಲ್ಲಿ ಏನಿರಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಯಾವ ದೀಪವೂ ಉರಿಯದಿದ್ದರೆ ಪೆಟ್ಟಿಗೆಗೆ ಕರೆಂಟ್ ಇಲ್ಲ. ಅಡಾಪ್ಟರ್ ಸುಟ್ಟಿರಬಹುದು, ಬ್ಯಾಟರಿ ಸತ್ತಿರಬಹುದು, ಯಾರೋ ಮೊಬೈಲ್ ಚಾರ್ಜ್ ಮಾಡಲು ಪ್ಲಗ್ ಕಿತ್ತಿರಬಹುದು. ಇದು ಪಂಚಾಯ್ತಿಯ ಒಳಗಿನ ಕೆಲಸ, ಅಂದೇ ಸರಿ ಹೋಗುವಂಥದ್ದು. 'ಎಲ್ಒಎಸ್' ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಪೆಟ್ಟಿಗೆಗೆ ಬೆಳಕೇ ತಲುಪುತ್ತಿಲ್ಲ, ಅಂದರೆ ಹೆಚ್ಚಾಗಿ ದಾರಿಯಲ್ಲಿ ಎಲ್ಲೋ ಕೇಬಲ್ ತುಂಡಾಗಿರುತ್ತದೆ. ಇದು ಬಿಎಸ್‌ಎನ್‌ಎಲ್ ಕೆಲಸ. 'ಪಾನ್' ಎಂಬ ಹಸಿರು ದೀಪ ಮಿಟುಕುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ದುರ್ಬಲವಾಗಿದೆ ಅಥವಾ ಆ ಕಡೆಯ ಯಂತ್ರದಲ್ಲಿ ಪೆಟ್ಟಿಗೆ ನೋಂದಣಿಯಾಗಿಲ್ಲ. 'ಪಾನ್' ಹಸಿರಾಗಿ ಸ್ಥಿರವಾಗಿ ನಿಂತಿದ್ದರೆ ಪಂಚಾಯ್ತಿ ತನಕ ಎಲ್ಲ ಸರಿಯಿದೆ ಎಂದೇ ಅರ್ಥ. ಆಗ ಬಾಕಿ ಇರುವುದು ಅಲ್ಲಿಂದ ಮನೆಗಳ ತನಕದ ದಾರಿ ಮಾತ್ರ.

ಈ ಸ್ಥಿತಿಗಳಿಗೆ ಬೇರೆಬೇರೆ ಅರ್ಜಿ ಬೇಕು. ಕೆಂಪು ದೀಪ ಉರಿಯುವ ಊರಿನವರು 'ಮನೆಮನೆಗೆ ಸಂಪರ್ಕ ಕೊಡಿ' ಎಂದು ಬರೆದರೆ ಅದು ಯೋಜನೆಗಳ ಕಡತಕ್ಕೆ ಸೇರಿ ತಿಂಗಳುಗಟ್ಟಲೆ ಕೂರುತ್ತದೆ. 'ಇಂಥ ದಿನದಿಂದ ಎಲ್ಒಎಸ್ ಕೆಂಪಾಗಿದೆ' ಎಂದು ಬರೆದರೆ ಅದೇ ವಿಷಯ ದುರಸ್ತಿ ದೂರಾಗುತ್ತದೆ, ಅದಕ್ಕೊಂದು ನಂಬರ್ ಸಿಗುತ್ತದೆ, ಉತ್ತರ ಕೊಡಬೇಕಾದವರು ಯಾರೆಂದು ಗೊತ್ತಾಗುತ್ತದೆ. ಮೊಬೈಲಿನಲ್ಲಿ ದೀಪಗಳ ಫೋಟೊ ತೆಗೆದುಕೊಳ್ಳಿ, ತಾರೀಕು ಕಾಣಲಿ.

ಯಾರ ಕೈಯಲ್ಲಿ ಏನಿದೆ

ಅಮೆರಿಕದ ಹಲವು ಊರುಗಳಲ್ಲಿ ಕೇಬಲ್ ಕಂಪನಿಯವರು ಬೀದಿ ಬಳಸಿಕೊಳ್ಳಲು ಸ್ಥಳೀಯ ಆಡಳಿತದ ಜೊತೆ ಫ್ರಾಂಚೈಸಿ ಒಪ್ಪಂದ ಮಾಡಿಕೊಳ್ಳಬೇಕು. ಒಪ್ಪಂದ ನವೀಕರಿಸುವ ಮುಂಚೆ ಊರವರ ಅಹವಾಲು ಕೇಳುವ ಸಭೆ ನಡೆಯುತ್ತದೆ. 1984ರ ಕಾನೂನು ಇದಕ್ಕೆ ಆಧಾರ. ನಮ್ಮಲ್ಲಿ ಆ ಏರ್ಪಾಡಿಲ್ಲ. ಟೆಲಿಕಾಂ ಪರವಾನಗಿ ಕೊಡುವುದು ದೆಹಲಿ. ಗ್ರಾಮ ಪಂಚಾಯ್ತಿಯಾಗಲಿ ದಾವಣಗೆರೆ ಮಹಾನಗರ ಪಾಲಿಕೆಯಾಗಲಿ 'ಈ ದರಕ್ಕೆ ಇಷ್ಟು ವೇಗ ಕೊಡು' ಎಂದು ಯಾವ ಕಂಪನಿಗೂ ಆಜ್ಞೆ ಮಾಡುವಂತಿಲ್ಲ. ಗ್ರಾಮಸಭೆಯಲ್ಲಿ ಈ ಬೇಡಿಕೆ ಇಟ್ಟು ಜಗಳವಾಡಿದರೆ ಸಭೆಯೇ ಅದರಲ್ಲಿ ಮುಗಿದುಹೋಗುತ್ತದೆ.

ಆದರೆ ತಂತಿ ಹಾಯುವ ರಸ್ತೆ ಪಂಚಾಯ್ತಿಯದು. ಪೆಟ್ಟಿಗೆ ಕೂರುವ ಕಟ್ಟಡ, ಅದರ ಕರೆಂಟು, ಅದರ ಬೀಗದ ಕೈ ಪಂಚಾಯ್ತಿಯವು. ಸಿಸಿ ರಸ್ತೆ, ಚರಂಡಿ, ನೀರಿನ ಪೈಪಿನ ಕಾಮಗಾರಿಗೆ ಷರತ್ತು ಹಾಕುವ ಅಧಿಕಾರವೂ ಅದಕ್ಕಿದೆ. ಎಲ್ಲಕ್ಕಿಂತ ಮುಖ್ಯವಾಗಿ ನಡವಳಿ ಪುಸ್ತಕ ಅದರ ಹತ್ತಿರ ಇದೆ. ಕೈಯಲ್ಲಿ ಇರುವುದನ್ನೇ ಕೇಳಬೇಕು.

ಉಳಿದವರ ಪಾಲು ಹೀಗಿದೆ. ಫೈಬರ್ ಮತ್ತು ತಾಲ್ಲೂಕು ಕೇಂದ್ರದಿಂದ ಬೆಳಕು ಕಳಿಸುವ ಓಎಲ್‌ಟಿ ಎಂಬ ಯಂತ್ರವನ್ನು ಬಿಎಸ್‌ಎನ್‌ಎಲ್ ನೋಡಿಕೊಳ್ಳುತ್ತದೆ. ವಿದ್ಯುತ್ ಕಂಬಗಳು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಬೆಸ್ಕಾಂನವು. ಕಂಬದ ಮೇಲೆ ಕೇಬಲ್ ಎಳೆಯಲು ಅವರ ಅನುಮತಿ ಬೇಕು, ಲೈನ್‌ಮ್ಯಾನ್ ಬಾಯಿಮಾತಿನ ಒಪ್ಪಿಗೆ ಸಾಲದು. ರಾಷ್ಟ್ರೀಯ ಹೆದ್ದಾರಿ 48ನ್ನು ಅಡ್ಡ ದಾಟಬೇಕಾದರೆ ಹೆದ್ದಾರಿ ಪ್ರಾಧಿಕಾರ, ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ, ಕಾಡಂಚಾದರೆ ಅರಣ್ಯ ಇಲಾಖೆ. ನಿಮ್ಮ ಊರಿಗೆ ಕೇಬಲ್ ಬರುವ ದಾರಿಯಲ್ಲಿ ಇವರಲ್ಲಿ ಯಾರ್‍ಯಾರಿದ್ದಾರೆ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ಗುರುತು ಮಾಡಿಕೊಳ್ಳಿ. ಎಷ್ಟೋ ಊರುಗಳ ಕೆಲಸ ನಿಂತಿರುವುದು ಮೂವತ್ತು ಮೀಟರ್ ರಸ್ತೆ ದಾಟುವ ಒಂದು ಅನುಮತಿಗಾಗಿ.

ದೂರಸಂಪರ್ಕ ಕಾಯ್ದೆ 2023ರ ಕೆಳಗೆ ಬಂದ ರೈಟ್ ಆಫ್ ವೇ, ಅಂದರೆ ಕೇಬಲ್ ಹಾಯಿಸಲು ದಾರಿ ಪಡೆಯುವ ಹಕ್ಕಿನ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಕಂಪನಿ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಸ್ಥಳೀಯ ಸಂಸ್ಥೆ 67 ದಿನದೊಳಗೆ ಒಪ್ಪಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು. ಎರಡೂ ಮಾಡದಿದ್ದರೆ ಒಪ್ಪಿಗೆ ಸಿಕ್ಕಿದಂತೆಯೇ. ಈ ಹಕ್ಕನ್ನು ಒಬ್ಬರಿಗೇ ಮೀಸಲಿಡದೆ, ತಾರತಮ್ಯವಿಲ್ಲದೆ ಕೊಡಬೇಕು ಎಂಬುದು ಕಾಯ್ದೆಯ ಆಶಯ. ಹಾಗಾಗಿ 'ಈಗಾಗಲೇ ಒಬ್ಬರು ಕೇಬಲ್ ಎಳೆದಿದ್ದಾರೆ, ಇನ್ನೊಬ್ಬರಿಗೆ ಕೊಡಲ್ಲ' ಎಂಬ ಮಾತಿಗೆ ಕಾನೂನಿನ ಬಲವಿಲ್ಲ. ಇದನ್ನು ಪಿಡಿಒ ಮತ್ತು ಸದಸ್ಯರಿಗೆ ಮರ್ಯಾದೆಯಿಂದಲೇ, ಕಾಗದದಲ್ಲಿ ತಿಳಿಸಿ. ಗೊತ್ತಿಲ್ಲದೆ ತಡೆದವರೇ ಜಾಸ್ತಿ.

ಮೊದಲು ಮನೆ ಪಟ್ಟಿ

ಸಭೆಗೆ ಬರಿಗೈಲಿ ಹೋಗಬೇಡಿ. ಎರಡು ಭಾನುವಾರ ಸಾಕು, ನಾಲ್ಕು ಜನ ಹುಡುಗರು ಒಂದು ನೋಟ್‌ಬುಕ್ ಹಿಡಿದು ಬೀದಿ ಸುತ್ತಿದರೆ ಪಟ್ಟಿ ಆಗುತ್ತದೆ. ಪ್ರತಿ ಮನೆಗೆ ಒಂದು ಸಾಲು: ಮನೆ ಯಜಮಾನರ ಹೆಸರು, ಬೀದಿ, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಹತ್ತಿರದ ಕಂಬದಿಂದ ಎಷ್ಟು ಹೆಜ್ಜೆ, ಈಗ ಮೊಬೈಲ್ ಡೇಟಾಕ್ಕೆ ತಿಂಗಳಿಗೆ ಎಷ್ಟು ಹೋಗುತ್ತಿದೆ, ಫೈಬರ್ ಬಂದರೆ ತಿಂಗಳಿಗೆ ಎಷ್ಟು ಕೊಡಬಲ್ಲರು, ಯಾತಕ್ಕೆ ಬೇಕು. ಕೊನೆಯ ಕಾಲಂ ಬಿಡಬೇಡಿ. ಮಕ್ಕಳ ಆನ್‌ಲೈನ್ ಪಾಠ, ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ, ಅಡಿಕೆ ಮಂಡಿಯ ದರ ನೋಡುವುದು, ಸೇವಾ ಕೇಂದ್ರದ ಸರ್ವರ್ ಕೆಲಸ: ಹೀಗೆ ಹೆಸರಿಟ್ಟು ಬರೆದ ಅಗತ್ಯಕ್ಕೆ ತೂಕ ಹೆಚ್ಚು.

ಸಹಿ ಸಂಖ್ಯೆ ಉಬ್ಬಿಸುವುದರಿಂದ ಆಗುವ ನಷ್ಟ ದೊಡ್ಡದು. ಪಟ್ಟಿಯಲ್ಲಿ ನೂರು ಮನೆ ಕಂಡು ಯಾರೋ ಕೇಬಲ್ ಎಳೆದು, ಕೊನೆಗೆ ಹತ್ತು ಮನೆ ಮಾತ್ರ ಸಂಪರ್ಕ ತಗೊಂಡರೆ ಆತ ಆರು ತಿಂಗಳಲ್ಲಿ ಕೈಬಿಡುತ್ತಾನೆ. ಆ ಊರಿಗೆ ಮತ್ತೊಬ್ಬರು ಬರುವುದು ಕಷ್ಟ. 'ನೋಡೋಣ' ಎಂದವರನ್ನು ಬೇರೆ ಪಟ್ಟಿಗೆ ಹಾಕಿ. 'ಕೊಟ್ಟರೆ ನಾಳೆಯೇ ಬೇಕು' ಎಂದವರನ್ನಷ್ಟೇ ಎಣಿಸಿ.

ಎಣಿಕೆಯನ್ನು ಎಂಟರ ಗುಂಪಿನಲ್ಲಿ ಮಾಡಿ. ಕಂಬದ ಮೇಲೆ ಕೂರುವ ಸ್ಪ್ಲಿಟರ್ ಪೆಟ್ಟಿಗೆಯಿಂದ ಸಾಮಾನ್ಯವಾಗಿ ಎಂಟು ಮನೆಗೆ ಎಳೆ ಹೋಗುತ್ತದೆ. ಒಂದೇ ಬೀದಿಯಲ್ಲಿ ಎಂಟು ಮನೆ ಒಪ್ಪಿದರೆ ಒಂದು ಪೆಟ್ಟಿಗೆಯ ಖರ್ಚು ಗಿಟ್ಟುತ್ತದೆ. ಅದೇ ಎಂಟು ಮನೆ ಎಂಟು ದಿಕ್ಕಿನಲ್ಲಿದ್ದರೆ ಗಿಟ್ಟುವುದಿಲ್ಲ. ತೋಟದ ಮನೆಗಳಿರುವ ಚನ್ನಗಿರಿ, ಹೊನ್ನಾಳಿ ಕಡೆ ಇದೇ ದೊಡ್ಡ ತೊಡಕು. ಅಂಥಲ್ಲಿ ತೋಟಕ್ಕೆ ಹೋಗುವ ದಾರಿಯುದ್ದಕ್ಕೂ ಇರುವ ಮನೆಗಳನ್ನು ಒಂದು ಸಾಲಾಗಿ ಜೋಡಿಸಿ ತೋರಿಸಿ.

ಬೆಳಕಿನ ಲೆಕ್ಕ

ಇದನ್ನು ಎಂಜಿನಿಯರುಗಳ ಕೆಲಸ ಎಂದು ಬಿಟ್ಟುಬಿಡಬೇಡಿ. ಕೂಡಿ ಕಳೆಯಲು ಬಂದರೆ ಸಾಕು. ಈ ಲೆಕ್ಕ ಗೊತ್ತಿರುವ ಊರಿಗೆ 'ಆಗಲ್ಲ ಸಾರ್, ದೂರ ಆಗುತ್ತೆ' ಎಂಬ ಉತ್ತರ ಕೊಟ್ಟು ಕಳಿಸುವುದು ಸುಲಭವಲ್ಲ.

ಬೆಳಕಿನ ಶಕ್ತಿಯನ್ನು ಡಿಬಿಎಂನಲ್ಲಿ, ದಾರಿಯಲ್ಲಿ ಆಗುವ ನಷ್ಟವನ್ನು ಡಿಬಿಯಲ್ಲಿ ಅಳೆಯುತ್ತಾರೆ. ಓಎಲ್‌ಟಿಯಿಂದ ಹೊರಡುವ ಬೆಳಕಿನ ಶಕ್ತಿ ಸುಮಾರು +3 ಡಿಬಿಎಂ ಎಂದಿಟ್ಟುಕೊಳ್ಳಿ. ಫೈಬರ್‌ನಲ್ಲಿ ಒಂದು ಕಿಲೋಮೀಟರಿಗೆ 0.35 ಡಿಬಿ ಸೋರಿಹೋಗುತ್ತದೆ. ಒಂದು ಎಳೆಯನ್ನು ನಾಲ್ಕಾಗಿ ಒಡೆಯುವ ಸ್ಪ್ಲಿಟರ್ ಸುಮಾರು 7.2 ಡಿಬಿ, ಎಂಟಾಗಿ ಒಡೆಯುವುದು ಸುಮಾರು 10.5 ಡಿಬಿ ನುಂಗುತ್ತದೆ. ಜೋಡಣೆ, ಕನೆಕ್ಟರ್ ಎಲ್ಲ ಸೇರಿ 2 ಡಿಬಿ ಇಡಿ. ಮನೆಯ ಓಎನ್‌ಟಿಗೆ ಕೊನೆಗೆ ಸಿಗುವ ಬೆಳಕು −27 ಡಿಬಿಎಂಗಿಂತ ಕೆಳಗೆ ಇಳಿಯಬಾರದು.

ಓಎಲ್‌ಟಿಯಿಂದ 12 ಕಿಲೋಮೀಟರ್ ದೂರದ ಊರು, ಮೊದಲು ನಾಲ್ಕು ಕವಲು, ಆಮೇಲೆ ಎಂಟು ಕವಲು. ಫೈಬರ್‌ಗೆ 4.2, ಕವಲುಗಳಿಗೆ 17.7, ಜೋಡಣೆಗೆ 2, ಒಟ್ಟು 23.9. ಮೂರರಿಂದ ಕಳೆದರೆ −20.9. ಆರಾಮ. ಅದೇ 18 ಕಿಲೋಮೀಟರ್ ದೂರ, ಎಂಟು ಮತ್ತು ಎಂಟು, ಅಂದರೆ ಅರವತ್ತನಾಲ್ಕು ಮನೆಗೆ ಒಂದೇ ಎಳೆ ಎಂದಾದರೆ 6.3, 21, 2 ಸೇರಿ 29.3, ಮನೆಗೆ ಸಿಗುವುದು −26.3. ಬಲ್ಬಿನ ಹಾಗೆ ಉರಿದು ಆರುವ ಸಂಪರ್ಕ ಇದು. ಬಾಗಿಲ ಸಂದಿಯಲ್ಲಿ ತಂತಿ ಸ್ವಲ್ಪ ಮಡಚಿದರೂ ಹೋಗುತ್ತದೆ. ಮೊಳಕಾಲ್ಮೂರು, ಜಗಳೂರು ತಾಲ್ಲೂಕುಗಳ ಅಂಚಿನ ಊರುಗಳು ಈ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಂಡು ಎರಡು ಪ್ರಶ್ನೆ ಕೇಳಬೇಕು: ನಮ್ಮ ಎಳೆಯನ್ನು ಎಷ್ಟು ಮನೆಗೆ ಹಂಚುತ್ತೀರಿ? ಮೂವತ್ತೆರಡಕ್ಕೆ ನಿಲ್ಲಿಸಲು ಆಗುತ್ತದೆಯೇ, ಇಲ್ಲದಿದ್ದರೆ ಪಂಚಾಯ್ತಿ ಕಟ್ಟಡದಲ್ಲೇ ಸಣ್ಣ ಓಎಲ್‌ಟಿ ಇಡುತ್ತೀರಾ?

ಹಂಚಿಕೆಯನ್ನು ಮಿತಿಯಲ್ಲಿಡಲು ಇನ್ನೊಂದು ಕಾರಣವೂ ಇದೆ. ಜಿಪಾನ್ ಎಂಬ ಈ ವಿಧಾನದಲ್ಲಿ ಒಂದು ಎಳೆಯಲ್ಲಿ ಇಳಿಯುವುದು ಒಟ್ಟು ಸುಮಾರು 2.5 ಗಿಗಾಬಿಟ್. ಅದನ್ನು ಮೂವತ್ತೆರಡು ಮನೆ ಹಂಚಿಕೊಂಡರೆ ಎಲ್ಲರೂ ಒಟ್ಟಿಗೆ ಕೂತರೂ ತಲಾ 75 ಮೆಗಾಬಿಟ್‌ಗೂ ಮೇಲೆ ಸಿಗುತ್ತದೆ. ಸಂಜೆ ಏಳರ ಮೇಲೆ ಎಲ್ಲ ನಿಧಾನವಾಗುತ್ತಿದ್ದರೆ ಗಂಟು ಈ ಎಳೆಯಲ್ಲಿ ಇರುವುದಿಲ್ಲ, ಓಎಲ್‌ಟಿಯಿಂದ ಆಚೆಗಿನ ಮೂಲ ಸಂಪರ್ಕದಲ್ಲಿರುತ್ತದೆ. ದೂರು ಕೊಡುವಾಗ ಹಾಗೆಂದೇ ಬರೆಯಿರಿ.

ಗ್ರಾಮಸಭೆಯ ದಿನ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ. ಹೆಚ್ಚಿನ ಜನ ನೇರ ಗ್ರಾಮಸಭೆಗೆ ಹೋಗಿ ಕೈ ಎತ್ತುತ್ತಾರೆ. ಅಷ್ಟರಲ್ಲಿ ಬೇಡಿಕೆ ಪಟ್ಟಿ ವಾರ್ಡ್ ಸಭೆಗಳಿಂದ ಸಿದ್ಧವಾಗಿ ಬಂದಿರುತ್ತದೆ. ನಿಮ್ಮ ವಿಷಯ ವಾರ್ಡ್ ಸಭೆಯಲ್ಲೇ ಪಟ್ಟಿಗೆ ಸೇರಬೇಕು. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ಅಭಿಯಾನ ಶುರುವಾಗುತ್ತದೆ. ಹಣ ಬೇಕಾಗುವ ಬೇಡಿಕೆಗಳನ್ನು ಆ ಹೊತ್ತಿಗೆ ತನ್ನಿ, ಯುಗಾದಿ ಹೊತ್ತಿಗೆ ತಂದರೆ ಕ್ರಿಯಾಯೋಜನೆ ಮುಗಿದಿರುತ್ತದೆ.

ಸಭೆಗೆ ಹತ್ತು ದಿನ ಮುಂಚೆ ಪಿಡಿಒ ಅವರಿಗೆ ಒಂದು ಪುಟದ ಅರ್ಜಿ ಕೊಟ್ಟು ಸ್ವೀಕೃತಿಗೆ ಮೊಹರು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. 'ಮೊಹರು ಇಲ್ಲ, ಆಮೇಲೆ ಬನ್ನಿ' ಎಂದರೆ ಸ್ಪೀಡ್ ಪೋಸ್ಟ್ ಮಾಡಿ. ವಿಷಯಸೂಚಿಯಲ್ಲಿ ನಿಮ್ಮ ಅಂಶ ಇದೆಯೇ ಎಂದು ನೋಟಿಸ್ ಬೋರ್ಡ್ ನೋಡಿ. ಇಲ್ಲದಿದ್ದರೆ ಸಭೆ ಶುರುವಾದ ಕೂಡಲೇ ನೋಡಲ್ ಅಧಿಕಾರಿಗೆ ಅರ್ಜಿ ತೋರಿಸಿ, ಓದಿ ಎನ್ನಿ.

ಮಾತಾಡುವವರು ಒಬ್ಬರೇ ಇರಲಿ, ಎರಡು ನಿಮಿಷ ಸಾಕು. ಕುಡಿಯೋ ನೀರು, ಆಶ್ರಯ ಮನೆ, ನರೇಗಾ ಕೂಲಿ ಕೇಳಲು ಬಂದವರ ನಡುವೆ ಇಂಟರ್ನೆಟ್ ವಿಷಯ ಎದ್ದರೆ 'ಹುಡುಗರ ರೀಲ್ಸ್‌ಗೆ' ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಸಿಟ್ಟಾಗಬೇಡಿ. ಪಡಿತರದ ಬೆರಳಚ್ಚಿನ ಯಂತ್ರ ಸರ್ವರ್ ಸಿಗದೆ ಅಂಗಡಿ ಮುಂದೆ ಕ್ಯೂ ನಿಂತಿದ್ದು, ಪಿಂಚಣಿ ಅರ್ಜಿ ಹಾಕಲು ಅಜ್ಜಿ ಮೂರು ಸಲ ತಿರುಗಿದ್ದು, ಇ-ಸ್ವತ್ತು ಮುದ್ರಣ ನಿಂತಿದ್ದು ಎಲ್ಲರೂ ಕಂಡದ್ದೇ. ಅಲ್ಲಿಂದ ಶುರು ಮಾಡಿ. ಅರಿವು ಕೇಂದ್ರದ ಗ್ರಂಥಪಾಲಕರನ್ನೂ ಶಾಲೆಯ ಮುಖ್ಯಶಿಕ್ಷಕರನ್ನೂ ಸ್ವಸಹಾಯ ಸಂಘದ ಅಕ್ಕಂದಿರನ್ನೂ ಮುಂಚೆಯೇ ಮಾತಾಡಿಸಿ ಕರೆತನ್ನಿ. ಅವರ ಒಂದೊಂದು ವಾಕ್ಯ ನಿಮ್ಮ ಹತ್ತು ವಾಕ್ಯಕ್ಕೆ ಸಮ.

ಈಗ ನಡವಳಿ. ಎಲ್ಲ ಸೋಲುವ ಜಾಗ ಇದೇ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು. ಸಭೆ ಮುಗಿಯುವಾಗ ಪುಸ್ತಕದಲ್ಲಿ ಸಹಿ ಹಾಕಿಸುತ್ತಾರೆ. ಎಷ್ಟೋ ಸಲ ಸಹಿ ಇರುವುದು ಹಾಜರಿಗೆ, ಮೇಲಿನ ಪುಟ ಖಾಲಿ, ಬರೆಯುವುದು ಆಮೇಲೆ. ಬರೆದಾಗ 'ಇಂಟರ್ನೆಟ್ ಬಗ್ಗೆ ಚರ್ಚಿಸಲಾಯಿತು' ಎಂದು ಒಂದು ಸಾಲು. ಚರ್ಚಿಸಿದ್ದಕ್ಕೆ ಯಾರೂ ಏನೂ ಮಾಡಬೇಕಿಲ್ಲ. ಅಲ್ಲಿ ಬರಬೇಕಾದ ಪದ 'ತೀರ್ಮಾನಿಸಲಾಯಿತು'. ಜೊತೆಗೆ ಯಾರು, ಏನು, ಯಾವ ತಾರೀಕಿನ ಒಳಗೆ. ನೀವೇ ಠರಾವಿನ ಒಕ್ಕಣೆ ಬರೆದು ಒಯ್ದರೆ ಬರೆಯುವವರಿಗೂ ಸುಲಭ. ಹೀಗಿರಲಿ:

'ಗ್ರಾಮದ ___ ಮನೆಗಳು ಫೈಬರ್ ಸಂಪರ್ಕ ಪಡೆಯಲು ಲಿಖಿತ ಒಪ್ಪಿಗೆ ಕೊಟ್ಟಿದ್ದು ಪಟ್ಟಿ ಲಗತ್ತಿಸಿದೆ. ಪಂಚಾಯ್ತಿ ಕಚೇರಿಯ ಓಎನ್‌ಟಿ ___ ದಿನಾಂಕದಿಂದ ಸ್ಥಗಿತವಾಗಿದೆ. ಆದ್ದರಿಂದ 1) ಓಎನ್‌ಟಿಗೆ ದಿನದ 24 ಗಂಟೆ ವಿದ್ಯುತ್ ಮತ್ತು ಬ್ಯಾಟರಿ ವ್ಯವಸ್ಥೆ ಮಾಡಿ, ಅದರ ಹೊಣೆಯನ್ನು ಒಬ್ಬ ಸಿಬ್ಬಂದಿಗೆ ಹೆಸರಿಸಿ ವಹಿಸಲು, 2) ದುರಸ್ತಿ ಮತ್ತು ಮನೆ ಸಂಪರ್ಕಕ್ಕಾಗಿ ಬಿಎಸ್‌ಎನ್‌ಎಲ್‌ಗೆ ಏಳು ದಿನದೊಳಗೆ ಪತ್ರ ಬರೆದು ಪ್ರತಿಯನ್ನು ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಲು, 3) ಕೇಬಲ್ ಹಾಕಲು ಬರುವ ಯಾವುದೇ ಅಧಿಕೃತ ಸಂಸ್ಥೆಯ ಅರ್ಜಿಯನ್ನು ನಿಯಮದ ಅವಧಿಯೊಳಗೆ ಇತ್ಯರ್ಥಪಡಿಸಲು, 4) ಇನ್ನು ಮುಂದೆ ಹಾಕುವ ಪ್ರತಿ ಸಿಸಿ ರಸ್ತೆಯ ಅಂದಾಜಿನಲ್ಲಿ ಕೇಬಲ್ ದಾಟಲು ಅಡ್ಡ ಪೈಪು ಸೇರಿಸಲು, 5) ರಸ್ತೆ ಅಗೆಯುವ ಗುತ್ತಿಗೆದಾರರು ಮುಂಚಿತವಾಗಿ ಕೇಬಲ್ ಮಾಲೀಕರಿಗೆ ತಿಳಿಸುವ ಷರತ್ತನ್ನು ಕಾರ್ಯಾದೇಶದಲ್ಲಿ ಹಾಕಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.'

ಇದನ್ನು ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿದ ಮೇಲೆ ಸಹಿ ಹಾಕಿ. ಆ ಪುಟದ ಫೋಟೊ ಅಲ್ಲೇ ತೆಗೆದುಕೊಳ್ಳಿ. ವಾರದೊಳಗೆ ದೃಢೀಕೃತ ನಕಲು ಕೇಳಿ.

ಅಡ್ಡ ಪೈಪು ಮತ್ತು ಅಗೆತ

ಠರಾವಿನ ನಾಲ್ಕನೇ ಅಂಶಕ್ಕೆ ಯಾರ ಅನುಮತಿಗೂ ಕಾಯಬೇಕಿಲ್ಲ, ಪಂಚಾಯ್ತಿ ತಾನೇ ಮಾಡಬಹುದು. ಸಿಸಿ ರಸ್ತೆ ಹಾಕಿದ ಮೇಲೆ ಅದನ್ನು ಒಡೆಯಲು ಯಾರೂ ಒಪ್ಪುವುದಿಲ್ಲ, ಒಡೆದರೆ ಸರಿಯಾಗಿ ಮುಚ್ಚುವುದೂ ಇಲ್ಲ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಐವತ್ತು ಮೀಟರಿಗೆ ಒಂದರಂತೆ ರಸ್ತೆಗೆ ಅಡ್ಡಲಾಗಿ 63 ಮಿಲಿಮೀಟರ್ ಎಚ್‌ಡಿಪಿಇ ಪೈಪು ಹೂಳಿಸಿ. ಎರಡಡಿ ಆಳ ಇರಲಿ. ಎರಡೂ ತುದಿ ಚರಂಡಿ ದಾಟಿ ಒಂದಡಿ ಆಚೆ ಬರಲಿ. ಒಳಗೆ ನೈಲಾನ್ ಹಗ್ಗ ಎಳೆದು ಬಿಟ್ಟಿರಿ, ಮುಂದೆ ಕೇಬಲ್ ಕಟ್ಟಿ ಎಳೆಯಲು ಅದೇ ಬೇಕು. ಬಾಯಿಗೆ ಮುಚ್ಚಳ ಹಾಕದಿದ್ದರೆ ಮೊದಲ ಮಳೆಗೇ ಮಣ್ಣು ತುಂಬುತ್ತದೆ, ಆಮೇಲೆ ಆ ಪೈಪು ಇದ್ದೂ ಇಲ್ಲದ ಹಾಗೆ. ಪೈಪು ಇರುವ ಜಾಗದ ನೇರಕ್ಕೆ ಗೋಡೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿ.

ಊರಿಗೆ ಬರುವ ಮುಖ್ಯ ಕೇಬಲ್ ನೆಲದೊಳಗೆ ಹೋಗುವಾಗ ಆಳ ಅಳೆಯಿರಿ. ಭಾರತ್‌ನೆಟ್ ಕಾಮಗಾರಿಯ ಮಾನದಂಡ 1.65 ಮೀಟರ್, ಐದೂವರೆ ಅಡಿಗೆ ಹತ್ತಿರ. ಕೇಬಲ್ ಹಾಯುವ ಪಿಎಲ್‌ಬಿ ಡಕ್ಟು, ಅಂದರೆ ಪ್ಲಾಸ್ಟಿಕ್ ಕೊಳವೆ, 40 ಮಿಲಿಮೀಟರ್ ಹೊರವ್ಯಾಸದ್ದು. ಚಿತ್ರದುರ್ಗದ ಸುತ್ತ ಹಾಸುಬಂಡೆ ಸಿಕ್ಕಲ್ಲಿ ಅಷ್ಟು ಆಳ ಹೋಗಲ್ಲ. ಹೋಗದ ಕಡೆ ಕಬ್ಬಿಣದ ಪೈಪಿನೊಳಗೆ ಹಾಯಿಸಬೇಕು ಅಥವಾ ಸುತ್ತ ಕಾಂಕ್ರೀಟ್ ಕಟ್ಟಬೇಕು. ಎರಡೂ ಮಾಡದೆ ಒಂದಡಿಯಲ್ಲಿ ಮಣ್ಣು ಎಳೆದು ಮುಚ್ಚಿದರೆ ಮುಂದಿನ ಜೆಸಿಬಿಗೆ ಅದೇ ಮೊದಲು ಸಿಗುವುದು. ಎರೆ ಭೂಮಿಯದು ಬೇರೆ ಕಷ್ಟ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಊದುವಾಗ ಮೇಲೆ ಹೂತ ಡಕ್ಟನ್ನು ಎಳೆದಾಡುತ್ತದೆ, ಜೋಡಣೆ ಸಡಿಲವಾಗುತ್ತದೆ. ಆಳ ಕಡಿಮೆಯಾದಷ್ಟೂ ಎಳೆತ ಹೆಚ್ಚು. ಕೆಲಸ ನಡೆಯುವ ದಿನ ಟೇಪ್ ಹಿಡಿದು ಫೋಟೊ ತೆಗೆದು ಪಂಚಾಯ್ತಿಗೆ ಕೊಡಿ. ಮುಚ್ಚಿದ ಮೇಲೆ ಏನನ್ನೂ ಸಾಬೀತು ಮಾಡಲಾಗದು.

ಕೇಬಲ್ ಕಡಿಯುವುದು ಹೆಚ್ಚಾಗಿ ಕಳ್ಳರಲ್ಲ, ಕಾಮಗಾರಿಗಳು. ಜಲಜೀವನ್ ಪೈಪು, ಭದ್ರಾ ಮೇಲ್ದಂಡೆ ಕಾಲುವೆ, ರಸ್ತೆ ಅಗಲೀಕರಣ. ಅಗೆಯುವ ಮುಂಚೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ಐದನೇ ಅಂಶದ ಷರತ್ತು ಇದಕ್ಕಾಗಿ. ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಕೇಬಲ್ ಒಂದರ ಮುಂದೆ ಒಂದು ಊರಿಗೆ ಸರಪಳಿಯಂತೆ ಹೋಗಿದೆ. ನಡುವೆ ಒಂದು ಕಡೆ ಕಡಿದರೆ ಆಚೆಯ ಎಲ್ಲ ಪಂಚಾಯ್ತಿಗೂ ಕತ್ತಲೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯಲ್ಲಿ ಇದನ್ನು ಉಂಗುರದಂತೆ ಜೋಡಿಸಬೇಕು, ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಬರಬೇಕು. ಪಂಚಾಯ್ತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆ ಬಂದರೆ ಕೊಡಬೇಕು ಎಂದಿದೆ. 'ಬೇಡಿಕೆ ಬಂದರೆ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಟ್ಟಿ, ತಾಂಡಾ, ಮಜರೆ ಗ್ರಾಮಗಳವರ ಮನೆ ಪಟ್ಟಿ ಮತ್ತು ಠರಾವು ಆ ಬೇಡಿಕೆಯ ದಾಖಲೆ.

ಇದೇ ಯೋಜನೆಯಲ್ಲಿ ಸ್ಥಳೀಯ ಉದ್ಯಮಿಗಳು ಬಿಎಸ್‌ಎನ್‌ಎಲ್ ಜೊತೆ ಆದಾಯ ಹಂಚಿಕೊಂಡು ಮನೆ ಸಂಪರ್ಕ ಕೊಡುವ ವ್ಯವಸ್ಥೆ ಇದೆ, ಉದ್ಯಮಿ ಎಂದೇ ಅದರ ಹೆಸರು. ನಿಮ್ಮ ಹೋಬಳಿಯ ಕೇಬಲ್ ಟಿವಿಯವರು ಈ ಕೆಲಸಕ್ಕೆ ಸೂಕ್ತ. ಅವರ ಬಳಿ ಏಣಿ, ಹುಡುಗರು, ಬೀದಿಯ ಪರಿಚಯ ಮೂರೂ ಇದೆ. ಎಂಟರ ಗುಂಪಿನ ಪಟ್ಟಿ ಅವರ ಮುಂದೆ ಇಡಿ, ಅವರೇ ಬಿಎಸ್‌ಎನ್‌ಎಲ್ ಕಚೇರಿಗೆ ಹೋಗುತ್ತಾರೆ.

ಸಭೆಯಾದ ಮೇಲೆ

ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಏಳನೇ ದಿನ: ಪಂಚಾಯ್ತಿ ಪತ್ರ ಹೋಗಿದೆಯೇ, ಅದರ ಸಂಖ್ಯೆ ಏನು. ಮೂವತ್ತನೇ ದಿನ: ಉತ್ತರವಿಲ್ಲದಿದ್ದರೆ ತಾಲ್ಲೂಕು ಪಂಚಾಯ್ತಿ ಇಒ, ಆಮೇಲೆ ಜಿಲ್ಲಾ ಪಂಚಾಯ್ತಿ ಸಿಇಒ. ರಾಜ್ಯ ಸರ್ಕಾರದ ಜನಸ್ಪಂದನ 1902ಕ್ಕೂ ದೂರು ದಾಖಲಿಸಬಹುದು, ಆದರೆ ಅದು ಪಂಚಾಯ್ತಿಯ ಲೋಪಕ್ಕೆ ಮಾತ್ರ. ಬಿಎಸ್‌ಎನ್‌ಎಲ್ ಕೇಂದ್ರದ್ದಾದ್ದರಿಂದ ಅದರ ಮೇಲಿನ ದೂರು ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ಹೋಗಬೇಕು. ಇವೆರಡನ್ನು ಅದಲುಬದಲು ಮಾಡಿ 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಉತ್ತರ ಬಂದು ತಿಂಗಳು ಕಳೆದುಕೊಂಡವರು ಬಹಳ.

ಸಂಸದರ ಅಧ್ಯಕ್ಷತೆಯ ದಿಶಾ ಸಭೆಯಲ್ಲಿ ಕೇಂದ್ರದ ಯೋಜನೆಗಳ ಪರಿಶೀಲನೆ ನಡೆಯುತ್ತದೆ. ಸಭೆಗೆ ಹತ್ತು ದಿನ ಮುಂಚೆ ಸಂಸದರ ಕಚೇರಿಗೆ ಠರಾವಿನ ನಕಲು, ದೀಪದ ಫೋಟೊ, ದೂರಿನ ನಂಬರ್ ಮೂರನ್ನೇ ಒಂದು ಲಕೋಟೆಯಲ್ಲಿ ಕೊಡಿ. ಹತ್ತು ಪುಟ ಮನವಿ ಯಾರೂ ಓದುವುದಿಲ್ಲ. ಜಮೀನಿನವರೋ ಇಲಾಖೆಯೋ ಕೇಬಲ್ ದಾರಿಗೆ ತಕರಾರು ತೆಗೆದಿದ್ದರೆ 2023ರ ಕಾಯ್ದೆ ಅದನ್ನು ತೀರ್ಮಾನಿಸುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಜಿಲ್ಲಾಧಿಕಾರಿಗೆ ಕೊಟ್ಟಿದೆ.

ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಗಳಿಗೆ ಹಾಕುವ ಅರ್ಜಿ ಒಂದೇ ವಿಷಯದ ಮೇಲೆ 150 ಪದದೊಳಗೆ ಇರಬೇಕು, ಮೀರಿದರೆ ವಾಪಸ್ ಬರುತ್ತದೆ. 'ಏಕೆ ಮಾಡಿಲ್ಲ' ಎಂದು ಕೇಳಬೇಡಿ, ದಾಖಲೆ ಕೇಳಿ: ಕಳೆದ ಎರಡು ವರ್ಷದಲ್ಲಿ ಕೇಬಲ್ ಹಾಕಲು ಬಂದ ಅರ್ಜಿಗಳ ಪಟ್ಟಿ, ಪ್ರತಿಯೊಂದು ಬಂದ ಮತ್ತು ಇತ್ಯರ್ಥವಾದ ತಾರೀಕು, ತಿರಸ್ಕರಿಸಿದ ಆದೇಶದ ನಕಲು. ಈ ಮೂರರಲ್ಲಿ ನಿಮ್ಮ ಊರಿನ ಕಥೆ ಪೂರ್ತಿ ಇರುತ್ತದೆ.

ಪೇಟೆಯವರಿಗೆ

ದಾವಣಗೆರೆ ಪಾಲಿಕೆ, ಚಿತ್ರದುರ್ಗ, ಹರಿಹರ, ಚಳ್ಳಕೆರೆ, ಹಿರಿಯೂರು ನಗರಸಭೆಗಳಲ್ಲಿ ಗ್ರಾಮಸಭೆ ಇಲ್ಲ. ಅದಕ್ಕೆ ಹತ್ತಿರದ್ದು ಬಜೆಟ್ ಪೂರ್ವಭಾವಿ ಸಭೆ. ಸಾರ್ವಜನಿಕರ ಸಲಹೆ ಕೇಳಿ ಪತ್ರಿಕಾ ಪ್ರಕಟಣೆ ಬರುತ್ತದೆ, ಹೋಗುವವರು ಕಡಿಮೆ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಒಯ್ಯಿರಿ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಅವರಿಗೂ ಆಯುಕ್ತರಿಗೂ ಕೊಡಿ.

ಪೇಟೆಯಲ್ಲಿ ಕೇಳಬೇಕಾದದ್ದು ಬೇರೆ. ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತರ ಪಟ್ಟಿಗೆ ಸೇರಿದ ಊರು. ಆ ಕಾಮಗಾರಿಯಲ್ಲಿ ನಿಮ್ಮ ರಸ್ತೆಯ ಕೆಳಗೆ ಡಕ್ಟು ಹಾಕಿದ್ದಾರೆಯೇ, ಹಾಕಿದ್ದರೆ ಖಾಲಿ ಇದೆಯೇ, ಬಳಸಲು ದರ ಎಷ್ಟು ಎಂದು ಕೇಳಿ. ಹೊಸ ಲೇಔಟುಗಳಲ್ಲಿ ಒಬ್ಬರೇ ಸೇವೆ ಕೊಡುತ್ತಿದ್ದು ಬೇರೆಯವರನ್ನು ಬಿಡದಿದ್ದರೆ, ರಸ್ತೆ ಪಾಲಿಕೆಗೆ ಹಸ್ತಾಂತರವಾಗಿದೆಯೇ ನೋಡಿ. ಆಗಿದ್ದರೆ ತಡೆಯುವ ಹಕ್ಕು ಬಿಲ್ಡರ್‌ಗಿಲ್ಲ.

ಸಂಪರ್ಕ ಇದ್ದೂ ಸರಿಯಿಲ್ಲದಿದ್ದರೆ

ವೇಗ ಅಳೆಯುವಾಗ ವೈಫೈ ಬೇಡ. ರೂಟರ್‌ಗೆ ಲ್ಯಾನ್ ಕೇಬಲ್ ಚುಚ್ಚಿ, ಬೇರೆ ಎಲ್ಲ ಆಫ್ ಮಾಡಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಏಳು ದಿನ. ಇಪ್ಪತ್ತೊಂದು ಅಳತೆಯ ಒಂದು ಹಾಳೆ ಸಾಕು. ಗೋಡೆಯಾಚೆ ಮಲಗುವ ಕೋಣೆಯಲ್ಲಿ ಮೊಬೈಲಿನಲ್ಲಿ ಅಳೆದ ವೇಗಕ್ಕೆ ಕಂಪನಿಯವರು ಸುಲಭವಾಗಿ ಉತ್ತರ ಹೇಳಿ ಹೋಗುತ್ತಾರೆ. ಅಂದಹಾಗೆ, 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ ಡೌನ್‌ಲೋಡ್ ವೇಗ 2 ಮೆಗಾಬಿಟ್. ನೀವು ದುಡ್ಡು ಕೊಟ್ಟ ಪ್ಲಾನಿನ ವೇಗ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ದೂರಿನಲ್ಲಿ ಪ್ಲಾನಿನ ವೇಗವನ್ನೇ ಬರೆಯಿರಿ.

ಮೊದಲು ಕಂಪನಿಯ ದೂರು ಕೇಂದ್ರ, ಡಾಕೆಟ್ ನಂಬರ್ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ. ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷ ರೂಪಾಯಿ ತನಕದ ಪ್ರಕರಣಕ್ಕೆ ಶುಲ್ಕವಿಲ್ಲ. ಟೆಲಿಕಾಂ ವಿಷಯ ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ತಳ್ಳಿಹಾಕಿದೆ.

ಫೈಬರ್ ಬರುವ ತನಕ ಕಾಯಲಾಗದ ಊರಿಗೆ ಪಿಎಂ-ವಾಣಿ ಒಂದು ದಾರಿ. ಪಂಚಾಯ್ತಿ ಕಚೇರಿಗೋ ಹತ್ತಿರದ ಅಂಗಡಿಗೋ ಒಂದು ಒಳ್ಳೆ ಸಂಪರ್ಕ ಬಂದರೆ ಅಲ್ಲಿಂದ ವೈಫೈ ಹಂಚಿ ಸಣ್ಣ ಮೊತ್ತಕ್ಕೆ ಕೂಪನ್ ಮಾರಬಹುದು. ಅಂಗಡಿಯವರಿಗೆ ಪರವಾನಗಿ ಬೇಡ. ಈ ಯೋಜನೆಯ ಕಾಗದದಲ್ಲಿ ಪಿಡಿಒ ಎಂದರೆ ವೈಫೈ ಹಂಚುವ ಅಂಗಡಿ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅಲ್ಲ. ಅರ್ಜಿ ಬರೆಯುವಾಗ ಪೂರ್ತಿ ಹೆಸರು ಬರೆಯಿರಿ, ಇಲ್ಲದಿದ್ದರೆ ಗೊಂದಲವಾಗುತ್ತದೆ.

ಮನೆಗೆ ಸಂಪರ್ಕ ಕೊಡಲು ಬಂದ ದಿನ ಹುಡುಗರು ಹೊರಡುವ ಮುಂಚೆ ಮೂರು ನೋಡಿಕೊಳ್ಳಿ. ತಂತಿ ಗೋಡೆ ದಾಟುವಲ್ಲಿ ಚೂಪಾಗಿ ಮಡಚಿರಬಾರದು, ಬಾಗಿದ ಸುತ್ತು ಅಂಗೈಗಿಂತ ಚಿಕ್ಕದಾಗದಿರಲಿ. ಹೊರಗೆ ಎರಡು ಮೂರು ಮೀಟರ್ ತಂತಿ ಹೆಚ್ಚುವರಿ ಸುತ್ತಿಟ್ಟಿರಲಿ, ಮುಂದೆ ತುಂಡಾದರೆ ಮತ್ತೆ ಬೆಸೆಯಲು ಬೇಕು. ಮೀಟರ್ ಹಿಡಿದು ಓದಿದ ಬೆಳಕಿನ ಶಕ್ತಿ ಎಷ್ಟೆಂದು ಕೇಳಿ ಓಎನ್‌ಟಿಯ ಬೆನ್ನಿಗೆ ಸ್ಟಿಕರ್ ಅಂಟಿಸಿ ಬರೆದಿಡಿ: ತಾರೀಕು, −21.4. ಮುಂದೊಂದು ದಿನ ನಿಧಾನವಾಯಿತೆಂದು ದೂರು ಕೊಟ್ಟಾಗ ಬಂದವರು ಮತ್ತೆ ಅಳೆದು −25.8 ಎಂದರೆ ಹುಡುಕಬೇಕಾದದ್ದು ನಿಮ್ಮ ರೂಟರ್ ಅಲ್ಲ, ಕಂಬದಿಂದ ನಿಮ್ಮ ಮನೆ ತನಕದ ತಂತಿ.